ದ್ವಂದ್ವದಲ್ಲಿ ಮೂರನೆಯವರು

ಶತ್ರುವಿನ ವಂಶ, ವೀರ್ಯ, ವಿದ್ಯೆ ಮೊದಲಾದುವನ್ನು ಮೊದಲು ಬಣ್ಣಿಸಿ, ಅಂತಹವನನ್ನೂ ನಾಯಕನು ಗೆದ್ದನೆಂದು ಹೇಳುವ ಮಾರ್ಗವು ತನಗೆ ಮೆಚ್ಚಾದುದೆಂದು ದಂಡಿಯು ಕಾವ್ಯಾದರ್ಶದಲ್ಲಿ ಹೇಳಿದ್ದಾನೆ. ದಶರೂಪಕದ ಧನಂಜಯನಾದರೋ ಪ್ರತಿನಾಯಕನೆಂದರೆ ಲೋಭಿ, ಉದ್ಧತ, ಪಾಪಿ, ವ್ಯಸನಿ ಎಂದು ಲಕ್ಷಣವನ್ನು ಕಟ್ಟಿ ಮುಂದೆ ಸಾಗಿಬಿಡುತ್ತಾನೆ. ಈ ಎರಡು ಮಾತುಗಳ ನಡುವಣ ಅಂತರವು ಅಲ್ಪವಲ್ಲ. ಒಬ್ಬನಿಗೆ ಪ್ರತಿನಾಯಕನು ನಾಯಕನನ್ನು ಅಳೆಯುವ ಕೋಲು. ಇನ್ನೊಬ್ಬನಿಗೆ ಬರಿಯ ದೋಷಗಳ ಮೂಟೆ. ಇಪ್ಪತ್ತನೆಯ ಶತಮಾನದ ಅಮೆರಿಕೆಯಲ್ಲಿ ಹುಟ್ಟಿ ಲೋಕವನ್ನೆಲ್ಲ ಸುತ್ತಿದ ಸೂಪರ್‌ಹೀರೋ ಚಿತ್ರಕಥೆಗಳು ಇವೆರಡಕ್ಕೂ ಒಪ್ಪದ ಮೂರನೆಯ ಮಾತೊಂದನ್ನು ಮುಂದಿಟ್ಟಿವೆ: ಪ್ರತಿನಾಯಕನೆಂಬವನು ನಾಯಕನ ಉಳಿದರ್ಧ, ಒಬ್ಬನಿಲ್ಲದೆ ಇನ್ನೊಬ್ಬನು ಪೂರ್ಣನಾಗನು.

ಈ ಮಾತು ಈಗ ಬಹಳ ಸವೆದಿದೆ. ಬೆಳಕೂ ಕತ್ತಲೆಯೂ, ಒಂದೇ ನಾಣ್ಯದ ಎರಡು ಮುಖ, ಕನ್ನಡಿಯೊಳಗಣ ಬಿಂಬ — ಎಂದು ಬರೆದುಬಿಟ್ಟರೆ ವಿಮರ್ಶೆಯು ಮುಗಿಯಿತೆಂದು ತಿಳಿಯುವವರು ಅನೇಕರು. ಮಾತಿನಲ್ಲಿ ಸತ್ಯವಿಲ್ಲವೆಂದಲ್ಲ. ಆದರೆ ಅದು ಎಷ್ಟರಮಟ್ಟಿಗೆ ಸತ್ಯ, ಯಾವ ಎಡೆಯಲ್ಲಿ ಅದು ಕಣ್ಣನ್ನು ಮುಚ್ಚುತ್ತದೆ ಎಂಬುದನ್ನು ಒಂದು ಜೋಡಿಯನ್ನು ಹಿಡಿದು ಪರಿಶೀಲಿಸಿದ ಹೊರತು ತಿಳಿಯದು. ಆ ಜೋಡಿಯು ಬ್ಯಾಟ್‌ಮನ್ ಮತ್ತು ಜೋಕರ್ ಅಲ್ಲದೆ ಬೇರೆಯಿರಲಾರದು. ಮನೆಯ ಹುಡುಗರು ಇವರಿಬ್ಬರ ಚಿತ್ರವನ್ನು ಅಂಗಿಯ ಮೇಲೆ ಧರಿಸಿ ತಿರುಗುತ್ತಿರುವಾಗ, ಇದು ಬಾಲಲೀಲೆಯೆಂದು ಹಿರಿಯರು ಮುಖ ತಿರುಗಿಸುವುದರಿಂದ ಲಾಭವೇನೂ ಇಲ್ಲ.

ಈ ಜಾತಿಯ ಕಥೆಗಳ ಮೊದಲ ಪುರುಷನಾದ ಸೂಪರ್‌ಮನ್ನನ ಜನ್ಮದಲ್ಲಿಯೇ ಈ ಇಬ್ಬಗೆಯು ಕಾಣಬರುತ್ತದೆ. ಕ್ಲೀವ್‌ಲೆಂಡ್ ನಗರದ ಇಬ್ಬರು ಹುಡುಗರು, ಜೆರ್ರಿ ಸೀಗಲ್ ಮತ್ತು ಜೋ ಶೂಸ್ಟರ್, ೧೯೩೩ರಲ್ಲಿ ತಾವೇ ಹೊರಡಿಸುತ್ತಿದ್ದ ಪುಟ್ಟ ಪತ್ರಿಕೆಯಲ್ಲಿ ಈ ಹೆಸರನ್ನು ಮೊದಲು ಕೊಟ್ಟದ್ದು ಒಬ್ಬ ಬೋಳುತಲೆಯ ದುಷ್ಟನಿಗೆ. ೧೯೩೮ರಲ್ಲಿ ಆಕ್ಷನ್ ಕಾಮಿಕ್ಸ್‌ನ ಮೊದಲ ಸಂಚಿಕೆಯಲ್ಲಿ ಅದೇ ಹೆಸರು ಲೋಕರಕ್ಷಕನದಾಯಿತು. ಬೋಳುತಲೆಯು ಕೆಲವು ವರ್ಷಗಳಲ್ಲಿ ಅವನ ವೈರಿಯಾದ ಲೂಥರನಿಗೆ ಸಂದಿತು. ಬೀಜವೊಂದೇ, ಕವಲು ಎರಡು. ಆದರೆ ಇದು ಕರ್ತೃಗಳ ಚರಿತ್ರೆಗೆ ಸೇರಿದ ಕೌತುಕವೇ ಹೊರತು ಕಥೆಯೊಳಗಿನ ವಸ್ತುವಲ್ಲ.

ಬ್ಯಾಟ್‌ಮನ್ನನ ವಿಷಯ ಹಾಗಲ್ಲ. ಬಾಬ್ ಕೇನ್, ಬಿಲ್ ಫಿಂಗರ್ ಇವರಿಂದ ರೂಪುಗೊಂಡ ಈ ಪಾತ್ರವು ೧೯೩೯ರಲ್ಲಿ ಡಿಟೆಕ್ಟಿವ್ ಕಾಮಿಕ್ಸ್‌ನ ೨೭ನೆಯ ಸಂಚಿಕೆಯಲ್ಲಿ ಕಾಣಿಸಿಕೊಂಡಿತು. ಗೋಥಮ್ ಎಂಬ ಕಲ್ಪಿತ ನಗರದ ಧನಿಕನ ಮಗ ಬ್ರೂಸ್ ವೇನ್ ತನ್ನ ಕಣ್ಣೆದುರಿಗೇ ತಾಯಿತಂದೆಗಳು ದರೋಡೆಗಾರನ ಗುಂಡಿಗೆ ಬಲಿಯಾದುದನ್ನು ಕಂಡು, ಪಾತಕಿಗಳನ್ನು ಅಡಗಿಸುವ ಪಣತೊಟ್ಟು, ಬಾವಲಿಯ ವೇಷವನ್ನು ಧರಿಸುತ್ತಾನೆ. ೧೯೪೦ರ ವಸಂತದಲ್ಲಿ ಅವನ ಹೆಸರಿನ ಪತ್ರಿಕೆಯೇ ಹೊರಟಾಗ ಅದರ ಮೊದಲ ಸಂಚಿಕೆಯಲ್ಲಿಯೇ ಜೋಕರನು ಬಂದನು. ಇಸ್ಪೀಟಿನ ಎಲೆಯಿಂದ ಹೆಸರನ್ನು ಪಡೆದ ಇವನಿಗೆ ಸುಣ್ಣದಂತಹ ಮುಖ, ಹಸಿರು ಕೂದಲು, ಎಂದೂ ಮುಚ್ಚದ ನಗೆ.

ಇಲ್ಲಿ ಕಲಾವಿದರು ವೇಷದಲ್ಲಿಯೇ ಸಾಧಿಸಿದ ವಿಪರ್ಯಾಸವನ್ನು ಗಮನಿಸತಕ್ಕದ್ದು. ಕಪ್ಪು ಉಡಿಗೆ, ಕೋಡು, ರಾತ್ರಿಯ ಸಂಚಾರ — ಪಿಶಾಚದ ಚಿಹ್ನೆಗಳೆಲ್ಲ ನಾಯಕನಿಗೆ. ಬಣ್ಣ, ನಗು, ಸಂತೆಯ ಸೊಗಸು — ಉತ್ಸವದ ಚಿಹ್ನೆಗಳೆಲ್ಲ ಪ್ರತಿನಾಯಕನಿಗೆ. ಒಬ್ಬನು ನಗುವುದಿಲ್ಲ, ಇನ್ನೊಬ್ಬನು ನಗುವುದನ್ನು ನಿಲ್ಲಿಸಲಾರ. ಒಬ್ಬನು ಮುಖವನ್ನು ಮರೆಸಿಕೊಂಡು ಹೆಸರನ್ನು ಕಾಪಾಡುತ್ತಾನೆ. ಇನ್ನೊಬ್ಬನು ಮುಖವನ್ನು ತೆರೆದಿಟ್ಟು ಹೆಸರನ್ನು ಕಳೆದುಕೊಂಡಿದ್ದಾನೆ. ಕತ್ತಲೆಯು ದುಷ್ಟ, ಬೆಳಕು ಶಿಷ್ಟ ಎಂಬ ಹಳೆಯ ಲೆಕ್ಕವು ಇಲ್ಲಿ ತಲೆಕೆಳಗಾದುದರಿಂದಲೇ ಈ ಜೋಡಿಯು ಇಷ್ಟು ಕಾಲ ಬಾಳಿತು.

ಜೋಕರನ ಮುಖದ ಮೂಲವೂ ನೆನೆಯತಕ್ಕ ಸಂಗತಿಯೇ. ೧೯೨೮ರ ಮೂಕಚಿತ್ರವೊಂದರಲ್ಲಿ ಕಾನ್ರಾಡ್ ವೈಟ್ ಎಂಬ ಜರ್ಮನ್ ನಟನು ಧರಿಸಿದ್ದ ನಗೆಮುಖದ ಭಾವಚಿತ್ರವು ಅದಕ್ಕೆ ಆಧಾರ. ಆ ಚಿತ್ರದ ಕಥೆಯು ವಿಕ್ಟರ್ ಹ್ಯೂಗೋ ೧೮೬೯ರಲ್ಲಿ ಪ್ರಕಟಿಸಿದ ಕಾದಂಬರಿಯದು. ಹ್ಯೂಗೋನ ಗ್ವಿನ್‌ಪ್ಲೇನ್ ದುಷ್ಟನಲ್ಲ. ಎಳೆತನದಲ್ಲಿ ಪರರ ಕ್ರೌರ್ಯದಿಂದ ಬಾಯಿ ಸೀಳಿಸಿಕೊಂಡು, ಅಳುವಾಗಲೂ ನಗುವವನಂತೆ ಕಾಣುವ ಮೃದುಹೃದಯಿ. ಚಿತ್ರಕಥೆಯವರು ಆ ಮುಖವನ್ನು ಎರವಲು ತಂದರು, ಮುಖದ ಹಿಂದಿನ ನೋವನ್ನು ತರಲಿಲ್ಲ. ಪೆಟ್ಟುತಿಂದವನ ಮುಖವು ಹೀಗೆ ಪೆಟ್ಟುಕೊಡುವವನ ಮುಖವಾಯಿತು.

ಆ ಮೊದಲ ಸಂಚಿಕೆಯಲ್ಲಿಯೇ ಜೋಕರನ ಕಥೆಯು ಮುಗಿಯಬೇಕಾಗಿತ್ತು. ತನ್ನ ಕಠಾರಿಯೇ ತನ್ನ ಎದೆಗೆ ನಾಟಿ ಅವನು ಸಾಯುವಂತೆ ಬರೆದಿದ್ದರು. ಸಂಪಾದಕ ವಿಟ್ನಿ ಎಲ್ಸ್‌ವರ್ತ್ ಒಪ್ಪಲಿಲ್ಲ. ಇಂತಹ ವೈರಿಯನ್ನು ಕಳೆದುಕೊಳ್ಳುವುದು ಜಾಣತನವಲ್ಲವೆಂದು, ಅವನಿನ್ನೂ ಬದುಕಿದ್ದಾನೆಂದು ತಿಳಿಸುವ ಒಂದು ಚಿತ್ರವನ್ನು ಕೊನೆಯಲ್ಲಿ ಸೇರಿಸುವಂತೆ ಮಾಡಿದನು. ನಾಯಕನಿಗೆ ಪ್ರತಿನಾಯಕನು ಬೇಕೇ ಬೇಕು ಎಂಬ ತತ್ತ್ವವು ತತ್ತ್ವವಾಗುವುದಕ್ಕೆ ಮೊದಲು ಹೀಗೆ ವ್ಯಾಪಾರದ ಅಗತ್ಯವಾಗಿತ್ತು. ತಿಂಗಳು ತಿಂಗಳು ಮಾರಾಟವಾಗಬೇಕಾದ ಪತ್ರಿಕೆಯಲ್ಲಿ ಒಳ್ಳೆಯ ವೈರಿಯು ಸಾಯಲಾರ. ಅವನು ಸಾಯದಿರಬೇಕಾದರೆ ನಾಯಕನು ಕೊಲ್ಲಬಾರದು. ನಾಯಕನು ಕೊಲ್ಲದಿರುವುದಕ್ಕೆ ಕಾರಣ ಬೇಕು. ಕಾರಣವನ್ನು ಹುಡುಕುತ್ತ ಹೋದ ಲೇಖಕರು ಅವನಿಗೊಂದು ವ್ರತವನ್ನು ಕೊಟ್ಟರು. ವ್ರತದಿಂದ ಅವನಿಗೊಂದು ಅಂತರಂಗವು ಬಂದಿತು. ಕಾವ್ಯಚರಿತ್ರೆಯಲ್ಲಿ ಅಂಗಡಿಯ ಲೆಕ್ಕವು ಅಂತರಂಗವನ್ನು ಹುಟ್ಟಿಸಿದ ಉದಾಹರಣೆಗಳು ಇಲ್ಲದಿಲ್ಲ; ಆದರೆ ಇಷ್ಟು ಬಯಲಾಗಿ ಕಾಣುವಂತಹದು ವಿರಳ.

ಅಲ್ಲಿಂದ ಮುಂದೆ ಇವರಿಬ್ಬರನ್ನು ಇನ್ನಷ್ಟು ಬಿಗಿಯಾಗಿ ಹೆಣೆಯುವ ಪ್ರಯತ್ನಗಳು ನಡೆದುವು. ೧೯೫೧ರ ಕಥೆಯೊಂದರಲ್ಲಿ, ಕೆಂಪು ಮುಸುಕಿನ ಕಳ್ಳನೊಬ್ಬನು ಬ್ಯಾಟ್‌ಮನ್ನನಿಂದ ತಪ್ಪಿಸಿಕೊಳ್ಳಲು ರಾಸಾಯನಿಕ ದ್ರವಕ್ಕೆ ಹಾರಿ, ಮೈಬಣ್ಣ ಕೆಟ್ಟು ಜೋಕರನಾದನೆಂದು ಹೇಳಲಾಯಿತು. ಹಾಗಾದರೆ ಶತ್ರುವನ್ನು ನಿರ್ಮಿಸಿದವನು ನಾಯಕನೇ. ೧೯೮೯ರಲ್ಲಿ ಟಿಮ್ ಬರ್ಟನ್ ತೆಗೆದ ಚಲಚ್ಚಿತ್ರವು ಇನ್ನೂ ಒಂದು ಗಂಟನ್ನು ಹಾಕಿತು: ಬ್ರೂಸನ ತಾಯಿತಂದೆಗಳನ್ನು ಕೊಂದವನು ಮುಂದೆ ಜೋಕರನಾದ ಅದೇ ತರುಣ. ನೀನು ನನ್ನನ್ನು ಮಾಡಿದೆ, ನಾನು ನಿನ್ನನ್ನು ಮಾಡಿದೆ ಎಂದು ಸಮನಾಯಿತು. ಈ ಸಮತೆಯು ನೋಡುವುದಕ್ಕೆ ಅಂದವಾದರೂ ಕಥೆಗೆ ಹಾನಿಕರ. ಹೆಸರಿಲ್ಲದ ಯಾವನೋ ಒಬ್ಬ ಬೀದಿಗಳ್ಳನು ಕೊಂದನೆಂಬಲ್ಲಿ ಇದ್ದ ಭಯಂಕರವಾದ ಅಕಾರಣತೆಯು ಮಾಯವಾಗಿ, ಉಳಿದದ್ದು ಮನೆತನದ ಹಗೆ ಮಾತ್ರ. ಫ್ರಾಂಕ್ ಮಿಲ್ಲರ್ ೧೯೮೬ರಲ್ಲಿ ರಚಿಸಿದ ದಿ ಡಾರ್ಕ್ ನೈಟ್ ರಿಟರ್ನ್ಸ್ ಇದಕ್ಕಿಂತ ಮೇಲು. ಅಲ್ಲಿ ನಾಯಕನು ವೇಷವನ್ನು ಕಳಚಿಟ್ಟು ಮುದುಕನಾಗಿರುವಷ್ಟು ಕಾಲವೂ ಜೋಕರನು ಹುಚ್ಚಾಸ್ಪತ್ರೆಯಲ್ಲಿ ಮಾತಿಲ್ಲದೆ ಮರದ ಗೊಂಬೆಯಂತೆ ಕುಳಿತಿರುತ್ತಾನೆ. ಬ್ಯಾಟ್‌ಮನ್ ಮರಳಿ ಬಂದನೆಂಬ ಸುದ್ದಿಯು ಕಿವಿಗೆ ಬಿದ್ದೊಡನೆ ಅವನ ತುಟಿಗಳು ಅಲುಗುತ್ತವೆ. ಪರಸ್ಪರಾಶ್ರಯವೆಂಬುದನ್ನು ಇದಕ್ಕಿಂತ ಕಡಿಮೆ ಮಾತಿನಲ್ಲಿ ಹೇಳಿದವರಿಲ್ಲ.

ಈ ವಿಷಯದ ಹೃದಯವನ್ನು ಮುಟ್ಟಿದ ಕೃತಿಯಾದರೋ ೧೯೮೮ರ ದಿ ಕಿಲ್ಲಿಂಗ್ ಜೋಕ್. ಬರೆದವನು ಅಲನ್ ಮೂರ್, ಚಿತ್ರಿಸಿದವನು ಬ್ರಯನ್ ಬೊಲಂಡ್, ಇಬ್ಬರೂ ಇಂಗ್ಲೆಂಡಿನವರು. ಪುಸ್ತಕವು ಐವತ್ತು ಪುಟಗಳನ್ನೂ ತುಂಬುವುದಿಲ್ಲ. ಮಳೆ ಸುರಿಯುವ ರಾತ್ರಿಯಲ್ಲಿ ಬ್ಯಾಟ್‌ಮನ್ನನು ಹುಚ್ಚಾಸ್ಪತ್ರೆಗೆ ಹೋಗಿ, ಕತ್ತಲ ಕೋಣೆಯಲ್ಲಿ ಇಸ್ಪೀಟು ಹರಡಿ ಕುಳಿತ ಜೋಕರನೆದುರು ಕುಳಿತು, ಹೀಗೆಯೇ ನಡೆದರೆ ತಮ್ಮಿಬ್ಬರಲ್ಲಿ ಒಬ್ಬನು ಇನ್ನೊಬ್ಬನನ್ನು ಕೊಲ್ಲುವುದು ನಿಶ್ಚಯ, ಅದಕ್ಕೆ ಮೊದಲು ಒಮ್ಮೆ ಮಾತನಾಡೋಣವೆನ್ನುತ್ತಾನೆ. ಉತ್ತರವಿಲ್ಲ. ಕೈಯನ್ನು ಹಿಡಿದರೆ ಬಿಳಿಯ ಬಣ್ಣವು ಕೈಗವಸಿಗೆ ಅಂಟಿಕೊಳ್ಳುತ್ತದೆ: ಕುಳಿತಿದ್ದವನು ವೇಷ ಹಾಕಿದ ಬೇರೊಬ್ಬ. ತನ್ನ ಪ್ರತಿಬಿಂಬದೊಡನೆ ಸಂಧಿಯ ಮಾತನಾಡಲು ಬಂದವನಿಗೆ ಸಿಕ್ಕಿದ್ದು ಪ್ರತಿಬಿಂಬದ ನಕಲು. ಕನ್ನಡಿಯ ಉಪಮೆಯನ್ನು ಸುಲಭವಾಗಿ ಆಡುವವರನ್ನು ಮೂರ್ ಮೊದಲ ಪುಟಗಳಲ್ಲಿಯೇ ಎಚ್ಚರಿಸಿದಂತಿದೆ.

ನಿಜವಾದ ಜೋಕರನು ಅಷ್ಟರಲ್ಲಿ ಒಂದು ಪಾಳುಬಿದ್ದ ಸಂತೆಯ ಆಟದ ಬಯಲನ್ನು ಕೊಂಡುಕೊಂಡು, ಒಂದು ಸಿದ್ಧಾಂತವನ್ನು ಸ್ಥಾಪಿಸಹೊರಟಿದ್ದಾನೆ. ಒಂದೇ ಒಂದು ಕೆಟ್ಟ ದಿನವು ಎಂತಹ ವಿವೇಕಿಯನ್ನೂ ತನ್ನಂತೆ ಹುಚ್ಚನನ್ನಾಗಿ ಮಾಡಬಲ್ಲದು ಎಂಬುದೇ ಅದು. ನಡುನಡುವೆ ಅವನ ಪೂರ್ವವೃತ್ತವು ಬರುತ್ತದೆ: ನಗಿಸಲಾರದ ನಗೆಗಾರ, ಬಸುರಿ ಹೆಂಡತಿ, ಬಡತನ, ಕಳ್ಳರ ಜೊತೆ ಒಂದು ರಾತ್ರಿಯ ಒಪ್ಪಂದ; ಅದೇ ದಿನ ಹೆಂಡತಿಯು ಅಪಘಾತದಿಂದ ಸಾಯುತ್ತಾಳೆ; ಆದರೂ ಹೋಗಲೇಬೇಕಾಗಿ, ಬ್ಯಾಟ್‌ಮನ್ನನ ನೆರಳಿಗೆ ಹೆದರಿ ವಿಷದ ನೀರಿಗೆ ಬೀಳುತ್ತಾನೆ. ಆದರೆ ತನ್ನ ಗತಕಾಲವು ತನಗೆ ಒಮ್ಮೊಮ್ಮೆ ಒಂದೊಂದು ವಿಧವಾಗಿ ನೆನಪಾಗುತ್ತದೆಂದು ಜೋಕರನೇ ಒಪ್ಪಿಕೊಳ್ಳುವುದರಿಂದ ಈ ಕರುಣೆಯ ಕಥೆಯೂ ನಂಬಲರ್ಹವಲ್ಲ. ನಾಯಕನಿಗೂ ಒಂದು ಕೆಟ್ಟ ದಿನವಿತ್ತು. ಅವನು ಅದನ್ನು ಎಂದೂ ಮರೆಯುವುದಿಲ್ಲ. ಪ್ರತಿನಾಯಕನು ತನ್ನದನ್ನು ಸರಿಯಾಗಿ ನೆನೆಯಲೊಲ್ಲ. ಇಬ್ಬರಿಗೂ ಇರುವ ಭೇದವು ಇಲ್ಲಿ, ಗುಣದಲ್ಲಿ ಎನ್ನುವುದಕ್ಕಿಂತ ಸ್ಮೃತಿಯಲ್ಲಿದೆ.

ಸಿದ್ಧಾಂತಕ್ಕೆ ಪ್ರಯೋಗಪಶುವಾಗಿ ಜೋಕರನು ಆರಿಸಿಕೊಂಡದ್ದು ಪೋಲೀಸು ಅಧಿಕಾರಿ ಗಾರ್ಡನ್ನನನ್ನು. ಮನೆಯ ಬಾಗಿಲಲ್ಲಿ ಅವನ ಮಗಳಾದ ಬಾರ್ಬರಾಳಿಗೆ ಗುಂಡಿಟ್ಟು, ಆಕೆಯ ಬೆನ್ನೆಲುಬನ್ನು ಮುರಿದು, ಆ ಅವಸ್ಥೆಯಲ್ಲಿ ಆಕೆಯ ಚಿತ್ರಗಳನ್ನು ತೆಗೆದು, ತಂದೆಯನ್ನು ಬೆತ್ತಲೆಯಾಗಿ ಬಂಡಿಯಲ್ಲಿ ಕೂರಿಸಿ ಆ ಚಿತ್ರಗಳ ನಡುವೆ ಓಡಿಸುತ್ತಾನೆ. ಓದುವುದಕ್ಕೆ ಕಷ್ಟವಾದ ಪುಟಗಳು. ಕಡೆಗೆ ಬ್ಯಾಟ್‌ಮನ್ನನು ಬಂದು ಪಂಜರವನ್ನು ತೆರೆದಾಗ, ಹುಚ್ಚನಾಗಿರಬೇಕಾದ ಗಾರ್ಡನ್ನನು ಹೇಳುವುದು ಒಂದೇ: ಅವನನ್ನು ಹಿಡಿದು ತಾ, ಆದರೆ ಕಾನೂನಿನ ಪ್ರಕಾರವೇ ಹಿಡಿದು ತಾ, ನಮ್ಮ ದಾರಿಯೇ ಸರಿಯೆಂದು ಅವನಿಗೆ ತಿಳಿಯಬೇಕು.

ಈ ಕೃತಿಯನ್ನು ಕುರಿತು ಬರೆದವರಲ್ಲಿ ಹೆಚ್ಚಿನವರು ನಾಯಕ ಪ್ರತಿನಾಯಕರ ಸಾಮ್ಯವನ್ನೇ ಹಾಡಿದ್ದಾರೆ. ಆದರೆ ಕಥೆಯಲ್ಲಿ ಜೋಕರನ ವಾದವನ್ನು ಖಂಡಿಸಿದವನು ಬ್ಯಾಟ್‌ಮನ್ನನಲ್ಲ. ಅವನಿಂದ ಖಂಡಿಸುವುದು ಸಾಧ್ಯವೂ ಇರಲಿಲ್ಲ. ತನ್ನ ಕೆಟ್ಟ ದಿನದ ಫಲವಾಗಿ ಬಾವಲಿಯ ವೇಷ ತೊಟ್ಟು ಮಾಳಿಗೆಗಳ ಮೇಲೆ ಓಡಾಡುವವನು ತಾನು ಕೆಡಲಿಲ್ಲವೆಂದು ಯಾವ ಬಾಯಲ್ಲಿ ಹೇಳಿಯಾನು? ಖಂಡಿಸಿದವನು ವೇಷವಿಲ್ಲದ, ಬಲವಿಲ್ಲದ, ಕನ್ನಡಕದ ಮುದುಕ. ದ್ವಂದ್ವವು ದ್ವಂದ್ವದೊಳಗೆ ತೀರದು. ಇಬ್ಬರ ವಾದಕ್ಕೆ ತೀರ್ಪು ಬರುವುದು ಅವರಿಬ್ಬರಲ್ಲದ ಒಬ್ಬನ ಬಾಳಿನಿಂದ. ಮೂರ್‌ನ ಪುಸ್ತಕದಲ್ಲಿ ಶ್ರೇಷ್ಠವಾದುದು ಇದು. ಕೊನೆಯ ಪುಟದ ಚಮತ್ಕಾರವಲ್ಲ.

ಆ ಕೊನೆಯ ಪುಟವನ್ನೂ ಹೇಳಬೇಕು. ಸೋತ ಜೋಕರನು ಮಳೆಯಲ್ಲಿ ನಿಂತು ಒಂದು ನಗೆಕಥೆಯನ್ನು ಹೇಳುತ್ತಾನೆ. ಹುಚ್ಚಾಸ್ಪತ್ರೆಯಿಂದ ಓಡಿಹೋಗುವ ಇಬ್ಬರಲ್ಲಿ ಒಬ್ಬನು ಆಚೆಯ ಮಾಳಿಗೆಗೆ ನೆಗೆದನು. ಇನ್ನೊಬ್ಬನಿಗೆ ಬೀಳುವ ಭಯ. ಮೊದಲನೆಯವನು ದೀಪದ ಬೆಳಕನ್ನು ಸೇತುವೆಯಂತೆ ಹಾಯಿಸುವೆನು, ಅದರ ಮೇಲೆ ನಡೆದು ಬಾ ಎಂದರೆ, ಎರಡನೆಯವನು ತಾನೇನು ಹುಚ್ಚನೇ, ಅರ್ಧ ದಾರಿಯಲ್ಲಿ ನೀನು ದೀಪವನ್ನು ಆರಿಸಿಬಿಟ್ಟೀಯೆ ಎಂದನಂತೆ. ಬ್ಯಾಟ್‌ಮನ್ನನು ಮೊದಲು ತಡೆದು, ಅನಂತರ ತಡೆಯಲಾರದೆ ಅವನೊಡನೆ ಕೂಡಿ ನಗುತ್ತಾನೆ. ನಗು ನಿಲ್ಲುತ್ತದೆ, ಮಳೆಯ ಹನಿಗಳು ಉಳಿಯುತ್ತವೆ. ನಾಯಕನು ಅಲ್ಲಿ ಕೊರಳನ್ನು ಹಿಸುಕಿದನೆಂದು ಕೆಲವರು ವಾದಿಸುವರು. ಚಿತ್ರಗಳು ಹೌದೆಂದೂ ಅಲ್ಲವೆಂದೂ ಹೇಳುವುದಿಲ್ಲ. ಇಬ್ಬರ ನಡುವೆ ನಂಬಿಕೆಯೆಂಬ ಸೇತುವೆಯು ಅಸಾಧ್ಯವೆಂಬುದನ್ನು ಹೇಳಲು ಇದಕ್ಕಿಂತ ಒಳ್ಳೆಯ ಕಥೆಯು ಸಿಕ್ಕದು. ಆದರೂ ಒಂದು ಮುಳ್ಳು ಉಳಿಯುತ್ತದೆ: ಇವರು ನಗುತ್ತಿರುವ ಹೊತ್ತಿನಲ್ಲಿ ಬಾರ್ಬರಾ ಆಸ್ಪತ್ರೆಯ ಹಾಸಿಗೆಯಲ್ಲಿದ್ದಾಳೆ. ಪುಸ್ತಕವು ಅವಳ ಕಡೆಗೆ ಮತ್ತೆ ತಿರುಗುವುದಿಲ್ಲ. ತಂದೆಯನ್ನು ನೋಯಿಸುವ ಸಾಧನವಾಗಿ ಜೋಕರನು ಅವಳನ್ನು ಬಳಸಿಕೊಂಡನು. ಕಥೆಗಾರನೂ ಅದನ್ನೇ ಮಾಡಿದನು. ಮೂರ್ ಮುಂದೆ ತಾನೇ ಈ ಕೃತಿಯಲ್ಲಿ ಅತೃಪ್ತಿಯನ್ನು ತೋರಿಸಿದುದುಂಟು.

ಅದೇ ೧೯೮೮ರಲ್ಲಿ ನಡೆದ ಇನ್ನೊಂದು ಸಂಗತಿಯು ಈ ಮುಳ್ಳನ್ನು ಓದುಗರ ಕಾಲಿಗೂ ಚುಚ್ಚಿತು. ಬ್ಯಾಟ್‌ಮನ್ನನ ಬಾಲಸಹಾಯಕನಾದ ರಾಬಿನ್ ವೇಷದ ಜೇಸನ್ ಟಾಡ್ ಎಂಬ ಹುಡುಗನನ್ನು ಜೋಕರನು ಕಬ್ಬಿಣದ ಸಲಾಕೆಯಿಂದ ಹೊಡೆದು, ಮದ್ದಿನ ಮನೆಯಲ್ಲಿ ಬಿಟ್ಟುಹೋಗುತ್ತಾನೆ. ಹುಡುಗನು ಬದುಕಬೇಕೋ ಸಾಯಬೇಕೋ ಎಂಬುದನ್ನು ದೂರವಾಣಿಯ ಮೂಲಕ ತೀರ್ಮಾನಿಸಲು ಪ್ರಕಾಶಕರು ಓದುಗರಿಗೆ ಬಿಟ್ಟರು. ಒಂದು ಕರೆಗೆ ೫೦ ಸೆಂಟು. ಸಾಯಲೆಂದವರು ೫,೩೪೩; ಬದುಕಲೆಂದವರು ೫,೨೭೧. ಎಪ್ಪತ್ತೆರಡು ಕರೆಗಳ ಅಂತರದಿಂದ ಹುಡುಗನು ಸತ್ತನು. ಕಲ್ಪಿತ ಪಾತ್ರವಷ್ಟೆ ಎಂದು ಸಮಾಧಾನ ಹೇಳಬಹುದು. ಆದರೆ ನಾಯಕ ಪ್ರತಿನಾಯಕರ ಹಗೆಯು ಇನ್ನಷ್ಟು ಕಾವೇರಲೆಂದು ಮೂರನೆಯವನೊಬ್ಬನನ್ನು ಒಲೆಗೆ ಹಾಕಲು ಕಾಸು ಕೊಟ್ಟು ಮತ ನೀಡಿದವರು ಸಾವಿರಾರು ಮಂದಿ ಎಂಬುದು ಕಲ್ಪಿತವಲ್ಲ.

ಕ್ರಿಸ್ಟಫರ್ ನೋಲನ್ ೨೦೦೮ರಲ್ಲಿ ತೆಗೆದ ದಿ ಡಾರ್ಕ್ ನೈಟ್ ಚಿತ್ರವು ಈ ಮತದ ವಿಚಾರವನ್ನು, ಅರಿತೋ ಅರಿಯದೆಯೋ, ತಿರುಗಿ ಎತ್ತಿಕೊಂಡಿದೆ. ಜೋಕರನ ಪಾತ್ರವನ್ನು ವಹಿಸಿದ ಹೀತ್ ಲೆಡ್ಜರ್ ಚಿತ್ರವು ತೆರೆಗೆ ಬರುವ ಮೊದಲೇ ತೀರಿಕೊಂಡನು. ಅವನ ಅಭಿನಯದ ಹೊಗಳಿಕೆಯಲ್ಲಿ ಚಿತ್ರದ ಕಟ್ಟಡವು ಮರೆತುಹೋದದ್ದುಂಟು. ನೀನಿಲ್ಲದೆ ನನಗೆ ಪೂರ್ಣತೆಯಿಲ್ಲವೆಂಬ ಭಾವವನ್ನು ಜೋಕರನು ಇಲ್ಲಿ ಬಾಯಿಬಿಟ್ಟೇ ಆಡುತ್ತಾನೆ. ಕಡೆಯಲ್ಲಿ ಎರಡು ಹಡಗುಗಳು. ಒಂದರಲ್ಲಿ ನಾಗರಿಕರು, ಇನ್ನೊಂದರಲ್ಲಿ ಸೆರೆಯಾಳುಗಳು. ಪ್ರತಿಯೊಂದರ ಕೈಯಲ್ಲಿ ಇನ್ನೊಂದನ್ನು ಸಿಡಿಸುವ ಕೀಲು. ನಾಗರಿಕರು ಚೀಟಿ ಹಾಕುತ್ತಾರೆ. ಸಿಡಿಸಬೇಕೆಂಬ ಪಕ್ಷವೇ ಗೆಲ್ಲುತ್ತದೆ. ಆದರೆ ಕೀಲನ್ನು ತಿರುಗಿಸುವ ಕೈಯೊಂದೂ ಏಳುವುದಿಲ್ಲ. ಅತ್ತ ಸೆರೆಯಾಳೊಬ್ಬನು ಅದನ್ನು ಕಸಿದು ಕಿಟಕಿಯಿಂದ ನೀರಿಗೆ ಎಸೆಯುತ್ತಾನೆ. ಇಲ್ಲಿಯೂ ಜೋಕರನಿಗೆ ಉತ್ತರವನ್ನು ಕೊಟ್ಟವರು ಹೆಸರಿಲ್ಲದವರು. ಹಾರ್ವೆ ಡೆಂಟ್ ಎಂಬ ಸತ್ಯವಂತ ನ್ಯಾಯವಾದಿಯು ಅದೇ ಚಿತ್ರದಲ್ಲಿ ಮುರಿದುಹೋಗುವುದರಿಂದ ಈ ಉತ್ತರವು ಅಗ್ಗವಾಗಿಲ್ಲ: ಮೂರನೆಯವರು ನಿಲ್ಲಲೂ ಬಹುದು, ಬೀಳಲೂ ಬಹುದು.

ಪರಸ್ಪರ ಪೂರಕತೆಯ ಸಿದ್ಧಾಂತವನ್ನು ಈ ಕಥೆಗಳಲ್ಲಿ ಸಡಗರದಿಂದ ಬೋಧಿಸುವವರು ಬಹುಮಟ್ಟಿಗೆ ಪ್ರತಿನಾಯಕರೇ ಎಂಬುದು ಗಮನಾರ್ಹ. ಮನೋಜ್ ನೈಟ್ ಶ್ಯಾಮಲನ್ ೨೦೦೦ದಲ್ಲಿ ತೆಗೆದ ಅನ್‌ಬ್ರೇಕಬಲ್ ಚಿತ್ರವು ಇದನ್ನು ತರ್ಕದ ಕೊನೆಗೆ ಕೊಂಡೊಯ್ದಿದೆ. ಮುಟ್ಟಿದರೆ ಮುರಿಯುವ ಎಲುಬಿನ ಒಬ್ಬನು, ತನ್ನಂತಹವನಿರುವಾಗ ಎಂದೂ ಮುರಿಯದವನೊಬ್ಬನು ಇರಲೇಬೇಕೆಂದು ನಂಬಿ, ಅವನನ್ನು ಪತ್ತೆಮಾಡಲು ರೈಲನ್ನು ಉರುಳಿಸುತ್ತಾನೆ. ಬದುಕಿ ಬಂದ ಒಬ್ಬನು ಅವನ ಎದುರುಜೋಡಿ. ಉಳಿದ ಪ್ರಯಾಣಿಕರೆಲ್ಲರೂ ಆ ಸಮೀಕರಣವನ್ನು ತೂಗಿಸಲು ಸತ್ತವರು.

ಭಾರತೀಯ ಓದುಗನಿಗೆ ಜಯವಿಜಯರ ಕಥೆಯು ಇಲ್ಲಿ ನೆನಪಾಗದಿರದು. ದ್ವಾರಪಾಲಕರೇ ಶಾಪದಿಂದ ಮೂರು ಜನ್ಮಗಳಲ್ಲಿ ವೈರಿಗಳಾಗಿ ಒಡೆಯನ ಕೈಯಲ್ಲಿ ಮಡಿದು ಮರಳುವರೆಂಬ ಈ ಕಲ್ಪನೆಗಿಂತ ಸಂಪೂರ್ಣವಾದ ಪೂರಕತೆಯನ್ನು ಯಾವ ಚಿತ್ರಕಥೆಯೂ ಕಟ್ಟಿಲ್ಲ. ಆದರೆ ಪುರಾಣಕಾರನು ಹಿರಣ್ಯಕಶಿಪುವನ್ನೂ ನರಸಿಂಹನನ್ನೂ ಇಬ್ಬರನ್ನೇ ಬಿಟ್ಟಿಲ್ಲ. ನಡುವೆ ಪ್ರಹ್ಲಾದನನ್ನು ನಿಲ್ಲಿಸಿದ್ದಾನೆ. ರನ್ನನ ಗದಾಯುದ್ಧದಲ್ಲಿಯೂ ಭೀಮ ದುರ್ಯೋಧನರು ಸರಿಸಮಾನರಾಗಿ ಬೆಳೆಯುತ್ತ, ಸೋಲುವವನೇ ಓದುಗನ ಮನಸ್ಸನ್ನು ಗೆಲ್ಲುವ ಹಂತಕ್ಕೆ ಬರುತ್ತಾರೆ. ಅಲ್ಲಿ ತಕ್ಕಡಿಯನ್ನು ಹಿಡಿದಿರುವವಳು ಬಿಚ್ಚಿದ ಮುಡಿಯ ದ್ರೌಪದಿ. ಅವಳನ್ನು ಮರೆತು ಆ ಕಾವ್ಯವನ್ನು ಓದಿದರೆ ಉಳಿಯುವುದು ಮಲ್ಲಕಾಳಗ.

ಬಾರ್ಬರಾ ಗಾರ್ಡನಳ ಮಾತು ಅಷ್ಟಕ್ಕೇ ನಿಲ್ಲಲಿಲ್ಲ. ಪುಸ್ತಕವು ಅವಳನ್ನು ಹಾಸಿಗೆಯಲ್ಲಿ ಬಿಟ್ಟುಹೋದ ಮರುವರ್ಷವೇ, ೧೯೮೯ರಲ್ಲಿ, ಕಿಮ್ ಯೇಲ್ ಮತ್ತು ಜಾನ್ ಒಸ್ಟ್ರಾಂಡರ್ ಎಂಬ ದಂಪತಿಗಳು ಸೂಸೈಡ್ ಸ್ಕ್ವಾಡ್ ಎಂಬ ಬೇರೊಂದು ಪತ್ರಿಕೆಯಲ್ಲಿ ಅವಳನ್ನು ತಿರುಗಿ ತಂದರು. ಮೊದಲು ಮುಖವಿಲ್ಲ, ನಿಜನಾಮವಿಲ್ಲ. ಗಣಕಯಂತ್ರದ ಮೂಲಕ ಸುದ್ದಿಯನ್ನು ಕಳುಹಿಸುವ ಒರಾಕಲ್ ಎಂಬ ಹೆಸರು ಮಾತ್ರ. ಗಾಲಿಕುರ್ಚಿಯಲ್ಲಿ ಕುಳಿತು, ವಿದ್ಯೆಯ ಬಲದಿಂದ ಇಡೀ ವೀರಸಮೂಹಕ್ಕೆ ಕಣ್ಣೂ ಕಿವಿಯೂ ಆದವಳು ಅವಳೇ ಎಂಬುದು ಆಮೇಲೆ ತಿಳಿಯಿತು. ೨೦೧೧ರಲ್ಲಿ ಪ್ರಕಾಶಕರು ಕಥೆಗಳನ್ನೆಲ್ಲ ಹೊಸದಾಗಿ ಆರಂಭಿಸಿ ಅವಳನ್ನು ಮತ್ತೆ ನಡೆದಾಡಿಸಿದಾಗ ಸಂತೋಷಪಟ್ಟವರಿದ್ದಂತೆ ನೊಂದುಕೊಂಡವರೂ ಇದ್ದರು. ಗಾಲಿಕುರ್ಚಿಯ ಓದುಗರಿಗೆ ತಮ್ಮವರೆನ್ನಲು ಇದ್ದ ಕೆಲವರಲ್ಲಿ ಅವಳೊಬ್ಬಳು. ಯೇಲ್, ಒಸ್ಟ್ರಾಂಡರ್ ಇವರೇ ೧೯೯೬ರಲ್ಲಿ ಬರೆದ ಒಂದು ಸಣ್ಣ ಕಥೆಯು ಆ ಗುಂಡೇಟಿನ ದಿನದಿಂದ ಆರಂಭವಾಗುತ್ತದೆ. ಆಸ್ಪತ್ರೆ, ಸಿಟ್ಟು, ಕುರ್ಚಿಯಲ್ಲಿ ಕುಳಿತೇ ಎರಡು ಕೋಲುಗಳಿಂದ ಕಾದಾಡುವ ಅಭ್ಯಾಸ, ಹೊಸ ಹೆಸರು — ಕಥೆಯೆಲ್ಲವೂ ಅವಳ ಕಡೆಯಿಂದಲೇ ನಡೆಯುತ್ತದೆ.